ಕಣ್ಣಿನ ಕಾವಲುಗಾರ ಜೀವಂತ ಕೋಶವನ್ನೇ ನುಂಗಿದಾಗ

ಮುಸ್ಸಂಜೆಯಲ್ಲಿ ಮೆಟ್ಟಿಲು ಎಡವುವುದು, ಚಿತ್ರಮಂದಿರದೊಳಗೆ ಸೀಟು ಕಾಣದೆ ತಡವರಿಸುವುದು. ರೆಟಿನೈಟಿಸ್ ಪಿಗ್ಮೆಂಟೋಸಾ ಹೆಚ್ಚಾಗಿ ಹೀಗೆ ಇರುಳುಗುರುಡಿನಿಂದ ಶುರುವಾಗುತ್ತದೆ. ಸುಮಾರು 4,000 ಜನರಲ್ಲಿ ಒಬ್ಬರನ್ನು ಕಾಡುವ ಈ ವಂಶವಾಹಿ ಕಾಯಿಲೆಯಲ್ಲಿ, ಮಬ್ಬು ಬೆಳಕನ್ನು ಹಿಡಿಯುವ ದಂಡಕೋಶಗಳು ಮೊದಲು ಸಾಯುತ್ತವೆ. ನೋಟ ಅಂಚಿನಿಂದ ಕುಗ್ಗುತ್ತಾ ಕೊಳವೆಯಷ್ಟಕ್ಕೆ ಇಳಿಯುತ್ತದೆ.

ಮೂಲ ದೋಷ ಜೀನಿನದು. ಆದರೆ ಈ ಸಾವಿನಲ್ಲಿ ಮೈಕ್ರೋಗ್ಲಿಯಾ ಕೋಶಗಳ ಕೈವಾಡವೂ ಇದೆ.

ಸ್ಪೇನಿನ ಪಿಯೊ ಡೆಲ್ ರಿಯೊ ಒರ್ಟೆಗಾ 1919ರಲ್ಲಿ ಗುರುತಿಸಿದ ಈ ಕೋಶಗಳು ಮಿದುಳು ಮತ್ತು ಅಕ್ಷಿಪಟಲದ ಖಾಯಂ ರೋಗನಿರೋಧಕ ಪಡೆ. ಆರೋಗ್ಯವಂತ ಕಣ್ಣಿನಲ್ಲಿ ಅವು ಅಕ್ಷಿಪಟಲದ ಒಳಪದರಗಳಲ್ಲಿ ನೆಲೆಸಿ, ಕವಲೊಡೆದ ತೆಳು ತೋಳುಗಳನ್ನು ಬಿಡುವಿಲ್ಲದೆ ಚಾಚುತ್ತಾ ನೆರೆಹೊರೆಯನ್ನು ತಡವಿ ನೋಡುತ್ತಿರುತ್ತವೆ. ನರಕೋಶಗಳು ಹೊರಸೂಸುವ ಫ್ರಾಕ್ಟಲ್ಕೈನ್ ಎಂಬ ಪ್ರೋಟೀನು ಅವುಗಳಿಗೆ ‘ಎಲ್ಲ ಸರಿಯಿದೆ, ಸುಮ್ಮನಿರು’ ಎನ್ನುವ ಸಂದೇಶ.

ದಂಡಕೋಶ ಬಳಲಿದಾಗ ಸಂದೇಶ ಬದಲಾಗುತ್ತದೆ. ಅದರ ಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬಿನ ಅಣು ಹೊರಮೈಗೆ ಬರುತ್ತದೆ. ಮೈಕ್ರೋಗ್ಲಿಯಾಕ್ಕೆ ಅದು ‘ನನ್ನನ್ನು ತಿನ್ನು’ ಎಂಬ ಕರೆ.

ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥದ್ದೇ ಕಾಯಿಲೆಯಿರುವ ಇಲಿಗಳ ಅಕ್ಷಿಪಟಲವನ್ನು ಸೂಕ್ಷ್ಮದರ್ಶಕದಡಿ ಚಿತ್ರೀಕರಿಸಿದರು. ಮೈಕ್ರೋಗ್ಲಿಯಾ ತೋಳು ಚಾಚಿ ದಂಡಕೋಶವನ್ನು ಬಳಸಿ ಹಿಡಿದು ಪೂರ್ತಿ ನುಂಗಿತು. ನುಂಗಿದ್ದರಲ್ಲಿ ಸತ್ತ ಕೋಶಗಳಷ್ಟೇ ಅಲ್ಲ, ಇನ್ನೂ ಬದುಕಿದ್ದವೂ ಇದ್ದವು! ಜೊತೆಗೆ ಅದು ಸ್ರವಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ರಾಸಾಯನಿಕ ಉಳಿದ ದಂಡಕೋಶಗಳ ಸಾವಿಗೂ ಒತ್ತಾಸೆಯಾಯಿತು. ಮೈಕ್ರೋಗ್ಲಿಯಾಗಳನ್ನು ತೆಗೆದಾಗ ದಂಡಕೋಶಗಳ ನಾಶ ನಿಧಾನವಾಯಿತು.

ಹಾಗಾದರೆ ಈ ಕಾವಲುಗಾರನ ಬಾಯನ್ನೇ ಕಟ್ಟಿಬಿಡಬಹುದೇ? ಅದೇ ಸಂಸ್ಥೆಯ 2019ರ ಅಧ್ಯಯನ ಎಚ್ಚರಿಸಿತು. ರಕ್ತದಲ್ಲೂ ಇರುವ ‘ಕಾಂಪ್ಲಿಮೆಂಟ್’ ರಕ್ಷಣಾ ಪ್ರೋಟೀನುಗಳಲ್ಲಿ ಸಿ3 ಮುಖ್ಯವಾದದ್ದು. ಸತ್ತ ಕೋಶಗಳನ್ನು ಗುಡಿಸಲು ಮೈಕ್ರೋಗ್ಲಿಯಾಕ್ಕೆ ಇದರ ನೆರವು ಬೇಕು. ಇಲಿಗಳಲ್ಲಿ ಸಿ3 ಇಲ್ಲವಾದಾಗ ಕಸ ಉಳಿದು ಅಕ್ಷಿಪಟಲ ಇನ್ನಷ್ಟು ಬೇಗ ಹಾಳಾಯಿತು.

ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ವಯಸ್ಸಾದವರಲ್ಲಿ ಸವೆಯುವ ಕಾಯಿಲೆಯ ಕಥೆಯೇ ಬೇರೆ. ಕಾಂಪ್ಲಿಮೆಂಟ್‌ಗೆ ಕಡಿವಾಣ ಹಾಕುವ ‘ಫ್ಯಾಕ್ಟರ್ ಎಚ್’ ಪ್ರೋಟೀನಿನ ಜೀನಿನಲ್ಲಿರುವ ಒಂದು ಸಣ್ಣ ವ್ಯತ್ಯಾಸ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆಂದು 2005ರಲ್ಲಿ ತಿಳಿಯಿತು. ಇದರ ಒಣ ಬಗೆಯ ಮುಂದುವರಿದ ಹಂತಕ್ಕೆ, ಸಿ3 ಅನ್ನು ತಡೆಯುವ ಪೆಗ್ಸೆಟಾಕೊಪ್ಲಾನ್ ಎಂಬ ಚುಚ್ಚುಮದ್ದಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಣ್ಣಿನೊಳಗೇ ಕೊಡುವ ಈ ಔಷಧ ಸವೆತದ ವೇಗವನ್ನು ತಗ್ಗಿಸುತ್ತದೆ, ಕಳೆದ ದೃಷ್ಟಿಯನ್ನು ಮರಳಿಸುವುದಿಲ್ಲ.

ಒಂದು ಕಾಯಿಲೆಯಲ್ಲಿ ತಡೆಯಬೇಕಾದ ಸಿ3 ಇನ್ನೊಂದರಲ್ಲಿ ಆಸರೆಯಾಗಿರುವುದರಿಂದ, ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಬೇಕಿರುವುದು ಬದುಕಿದ ಕೋಶವನ್ನು ಬಿಟ್ಟು ಸತ್ತದ್ದನ್ನಷ್ಟೇ ತಿನ್ನುವಂತೆ ಮೈಕ್ರೋಗ್ಲಿಯಾವನ್ನು ಪಳಗಿಸುವ ಔಷಧ. ಓದಲು, ಮುಖ ಗುರುತಿಸಲು ನೆರವಾಗುವ ಶಂಕುಕೋಶಗಳಲ್ಲಿ ಎಷ್ಟೋ ಸಲ ಜೀನಿನ ದೋಷದ ಪರಿಣಾಮ ನೇರವಾಗಿ ಇರುವುದಿಲ್ಲ. ದಂಡಕೋಶಗಳು ಅಳಿದ ಮೇಲೆ ಅವೂ ಅಳಿಯುತ್ತವೆ. ದಂಡಕೋಶಗಳು ಕೆಲವು ವರ್ಷ ಹೆಚ್ಚು ಉಳಿದರೂ ರೋಗಿಗೆ ಮನೆಯವರ ಮುಖ ಅಷ್ಟು ವರ್ಷ ಹೆಚ್ಚು ಕಂಡೀತು.