ಕೇಸು ಬಿದ್ದವರ ಪುಣ್ಯ

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕಾಡಂಚಿನ ಮನೆಗಳಲ್ಲಿ ಅರಣ್ಯ ಇಲಾಖೆಯ ಹಳೆಯ ಕೇಸಿನ ಕಾಗದ ಸಿಕ್ಕರೆ ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಜೋಪಾನ ಮಾಡುತ್ತಾರೆ. ಅಜ್ಜನ ಮೇಲೆ ಒತ್ತುವರಿ ಕೇಸು ಹಾಕಿದ್ದ ಕಾಗದವೇ ಇಂದು ಮೊಮ್ಮಗನಿಗೆ ಆಧಾರ.

ಈ ಮೂರು ತಾಲ್ಲೂಕುಗಳ ಕಾಡು ಹೊನ್ನಾವರ ಅರಣ್ಯ ವಿಭಾಗದ್ದು. ಕಡಲಿಗೂ ಘಟ್ಟಕ್ಕೂ ನಡುವೆ ಉಳಿಯುವ ನೆಲ ಕಡಿಮೆ. ಅದರ ಗದ್ದೆ, ತೋಟಗಳಿಗೆ ಮೊದಲೇ ಒಡೆಯರಿದ್ದರು. 1974ರ ಭೂಸುಧಾರಣೆ ಗೇಣಿದಾರರಿಗೆ ಗದ್ದೆ ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಯವರು, ಹಿಸೆಯಾದಾಗ ಹೊರಬಿದ್ದ ಮಕ್ಕಳು ಗುಡ್ಡದ ಬುಡ ಹಿಡಿದರು. ಚಿರೆಕಲ್ಲಿನ ಗೋಡೆ ಎದ್ದಿತು, ನಾಲ್ಕು ತೆಂಗು ಬಂದವು. ಮತದಾರರ ಪಟ್ಟಿಯಲ್ಲಿ ಹೆಸರೂ ಸೇರಿತು. ಪಹಣಿಯಲ್ಲಿ ಮಾತ್ರ ಆ ಜಾಗ ಅರಣ್ಯ, ಅಲ್ಲಿದ್ದವರು ಅತಿಕ್ರಮಣದಾರರು. ಬೈಗುಳದಂಥ ಆ ಶಬ್ದವನ್ನೇ ಅವರು ಈಗ ತಮ್ಮ ಗುರುತಾಗಿ ಹೊತ್ತು, ಉಪವಿಭಾಗಾಧಿಕಾರಿ ಕಚೇರಿಗಳ ಮುಂದೆ ಧರಣಿ ಕೂರುತ್ತಾರೆ. ಶಿರಸಿಯ ವಕೀಲ ರವೀಂದ್ರ ನಾಯ್ಕರ ಅರಣ್ಯಭೂಮಿ ಹಕ್ಕು ಹೋರಾಟಗಾರರ ವೇದಿಕೆಯ ಸಭೆಗಳಲ್ಲೂ ಅದೇ ಶಬ್ದ.

1978ರ ಏಪ್ರಿಲ್ 27ಕ್ಕಿಂತ ಹಿಂದಿನ ಒತ್ತುವರಿಯನ್ನು ಸಕ್ರಮಗೊಳಿಸುವುದಾಗಿ ರಾಜ್ಯ ಸರಕಾರ ಹೇಳಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಕೇಂದ್ರದ ಒಪ್ಪಿಗೆ ಬೇಕಾಯಿತು. 1990ರಲ್ಲಿ ಕೇಂದ್ರ ಹಾಕಿದ ಷರತ್ತೇ ವಿಚಿತ್ರ: ಒತ್ತುವರಿ ಹಳೆಯದೆನ್ನಲು ಆ ಕಾಲದಲ್ಲೇ ದಾಖಲಾದ ಅರಣ್ಯ ಅಪರಾಧದ ಮೊದಲ ವರದಿ ಬೇಕು. ಗಾರ್ಡ್ ಗದರಿಸಿ ಕೇಸು ಬರೆದುಕೊಂಡಿದ್ದರೆ ಪುಣ್ಯ. ಬಡವರು ಬದುಕಿಕೊಳ್ಳಲಿ ಎಂದು ಕಂಡೂ ಕಾಣದಂತೆ ಹೋಗಿದ್ದರೆ ಕೈಯಲ್ಲಿ ಏನೂ ಇಲ್ಲ. ಕರುಣೆಯೇ ಮುಳುವಾಗುವ ಇಂಥ ನಿಯಮವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಸರಿಪಡಿಸಬೇಕಿತ್ತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಇಲ್ಲಿನ ಹಾಲಕ್ಕಿ ಒಕ್ಕಲಿಗರು ಎಷ್ಟು ಕೇಳಿಕೊಂಡರೂ ಪಂಗಡದ ಪಟ್ಟಿಗೆ ಸೇರಿಲ್ಲ; ಹಾಗಾಗಿ ಅವರೂ ಎರಡನೆಯ ಸಾಲಿನಲ್ಲೇ.

ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತೇವೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸೋಗೆ ಹೊದಿಸಿದ ಗುಡಿಸಲಿಗೆ ಆಗ ರಸೀದಿ ಕೊಟ್ಟವರು ಯಾರು? 75 ವರ್ಷ ಎಂಬುದು ವಾಸಕ್ಕೆ, ಅದೇ ತುಂಡು ನೆಲದ ಸ್ವಾಧೀನಕ್ಕಲ್ಲ ಎಂದು ಕೇಂದ್ರದ ಬುಡಕಟ್ಟು ಸಚಿವಾಲಯ ವಿವರಿಸಿತು. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ನಿಯಮವೂ ಹೇಳಿತು. ಆದರೂ ಉತ್ತರ ಕನ್ನಡದಲ್ಲಿ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕಾರವಾದವು.

2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸುವಂತೆ ರಾಜ್ಯಗಳಿಗೆ ಹೇಳಿತು. ಅದೇ ತಿಂಗಳ 28ರಂದು ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ಕೊನೆಗೆ ಎದ್ದು ಹೋಗಿ ಎಂದೂ ಉಳಿಯಲಿಲ್ಲ, ನಿಮ್ಮದೇ ಎಂದೂ ಆಗಲಿಲ್ಲ.

ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆಯೇ ಎನ್ನುತ್ತದೆ ಹಕ್ಕು ಕಾಯ್ದೆಯ ನಿಯಮ. 1930ನ್ನು ಕಣ್ಣಾರೆ ಕಂಡು ನೆನಪಿಟ್ಟವರಿಗೆ ಈಗ ನೂರರ ಆಸುಪಾಸು.