ಹೊಂದಿಕೆ ಮೊದಲು, ಹೆಚ್ಚಳ ಆಮೇಲೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ಟಿ.ಬಿ. ಡ್ಯಾಂ ನಿವಾಸಿಗಳಾದ ನಾವು ಮರೆಯುವಂತಿಲ್ಲ. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರನ್ನು ನಿಲ್ಲಿಸಲಾಯಿತು. ಹೊಸ ಉಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಹಳೆಯ ಕಟ್ಟಡದ ಅಳತೆಗೆ ಹೊಂದದಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಷ್ಟು ದೊಡ್ಡ ಕಾರ್ಯದಲ್ಲಿ ಕಂಡ ಈ ಮಾತನ್ನು ನಮ್ಮ ಮನೆಯ ಚಿಕ್ಕ ಕೆಲಸದಲ್ಲಿ ನಾವೇ ಮರೆತೆವು.

ಮಗಳ ವ್ಯಾಸಂಗಕ್ಕೆಂದು 2019ರಲ್ಲಿ ಕೊಂಡ ಲ್ಯಾಪ್‌ಟಾಪ್ ಬಹಳ ನಿಧಾನವಾಗಿತ್ತು. ಕಾಲೇಜಿನ ಶುಲ್ಕ ಕಟ್ಟಬೇಕಾದ ಸಮಯ. ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ. ಮೆಮೊರಿ, ಅಂದರೆ ರ್ಯಾಮ್ ಹೆಚ್ಚಿಸಿದರೆ ಸಾಕೆಂದು ಕೇಳಿ, ಹೊಸಪೇಟೆಯ ಅಂಗಡಿಯೊಂದರಿಂದ 8 ಜಿ.ಬಿ.ಯ ಪಟ್ಟಿಯೊಂದನ್ನು ತಂದೆವು. ಅದು ಕೂಡಲೇ ಇಲ್ಲ. ಬಲವಾಗಿ ಅದುಮಲು ಹೊರಟಾಗ ಮಗಳು, "ಅಪ್ಪಾ, ಒತ್ತಬ್ಯಾಡ್ರಿ, ಅದು ಇದರದಲ್ಲ" ಎಂದು ಕೈ ಹಿಡಿದಳು. ತಪ್ಪು ಅಂಗಡಿಯವರದಲ್ಲ. ಗಾತ್ರವನ್ನಷ್ಟೇ ಹೇಳಿ, ಜಾತಿಯನ್ನು ತಿಳಿಸದೆ ತಂದವರು ನಾವು.

ರ್ಯಾಮ್ ಎಂದರೇನು? ಲ್ಯಾಪ್‌ಟಾಪಿನ ಡಿಸ್ಕು ಕಣಜವಿದ್ದಂತೆ, ರ್ಯಾಮ್ ಅಡುಗೆಕಟ್ಟೆಯಿದ್ದಂತೆ. ಕಣಜ ತುಂಬಿದ್ದರೂ ಕಟ್ಟೆ ಇಕ್ಕಟ್ಟಾದರೆ ಹತ್ತು ಜನರ ಅಡುಗೆ ಒಮ್ಮೆಗೇ ಸಾಗದು. ಆದರೆ ನಿಧಾನಕ್ಕೆ ಕಾರಣ ಕಟ್ಟೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಸದಾ ತುಂಬಿರುವುದು ಕಂಡರೆ ಹೆಚ್ಚಿಸುವುದು ಯೋಗ್ಯ. ಮೆಮೊರಿ ಖಾಲಿಯಿದ್ದು, ತಿರುಗುವ ಹಳೆಯ ಹಾರ್ಡ್ ಡಿಸ್ಕು ಮಾತ್ರ ದಣಿಯುತ್ತಿದ್ದರೆ, ಅದರ ಬದಲು ಎಸ್.ಎಸ್.ಡಿ. ಹಾಕಿಸುವುದೇ ಲೇಸು.

ಇನ್ನು ಹೊಂದಿಕೆಯ ವಿಚಾರ. ಡಿ.ಡಿ.ಆರ್.3, ಡಿ.ಡಿ.ಆರ್.4, ಡಿ.ಡಿ.ಆರ್.5 ಎಂಬ ಪೀಳಿಗೆಗಳಿವೆ. ಲ್ಯಾಪ್‌ಟಾಪಿನ ಪಟ್ಟಿಗಳಲ್ಲಿ ಇವುಗಳಿಗೆ ಕ್ರಮವಾಗಿ 204, 260, 262 ಸಂಪರ್ಕ ಬಿಂದುಗಳಿರುತ್ತವೆ. ಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆಗಿದೆ. ಬೇಕಾದ ವೋಲ್ಟೇಜೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂಡದು. ನಮ್ಮದು ಡಿ.ಡಿ.ಆರ್.4, ನಾವು ತಂದದ್ದು ಡಿ.ಡಿ.ಆರ್.3! ಮೇಜಿನ ಕಂಪ್ಯೂಟರಿನ ಉದ್ದ ಪಟ್ಟಿಯೂ ಲ್ಯಾಪ್‌ಟಾಪಿಗೆ ಆಗದು.

ತೆಳ್ಳನೆಯ ಹಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಖಾಲಿ ಜಾಗವೇ ಇರದಿದ್ದರೆ ಹೆಚ್ಚಿಸಲಾಗದು. ಆದುದರಿಂದ ಯಂತ್ರದ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಕಂಪನಿಯ ಕೈಪಿಡಿಯಲ್ಲಿ ಪೀಳಿಗೆ, ಜಾಗಗಳ ಸಂಖ್ಯೆ ಹಾಗೂ ಗರಿಷ್ಠ ಮಿತಿಯನ್ನು ನೋಡಿಕೊಳ್ಳಬೇಕು. ವೇಗ ಬೇರೆಬೇರೆಯಾದ ಎರಡು ಪಟ್ಟಿಗಳಿದ್ದರೆ ಎರಡೂ ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. 32 ಬಿಟ್‌ನ ವಿಂಡೋಸ್ 10 ಇದ್ದಲ್ಲಿ 4 ಜಿ.ಬಿ.ಗಿಂತ ಹೆಚ್ಚು ಹಾಕಿದರೂ ಅದು ಉಪಯೋಗಕ್ಕೆ ಬಾರದು.

ಹಳೆಯ ಯಂತ್ರಕ್ಕೆ ಹಣ ಹಾಕುವ ಮುನ್ನ ಮತ್ತೊಂದು ಯೋಚನೆ ಅಗತ್ಯ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ 4 ಜಿ.ಬಿ. ಮೆಮೊರಿಯ ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಮಾನ್ಯತೆಯುಳ್ಳ ಪ್ರೊಸೆಸರೂ ಬೇಕು. ಇವಿಲ್ಲದ ಯಂತ್ರಕ್ಕೆ ಎಷ್ಟು ಮೆಮೊರಿ ಕೂಡಿಸಿದರೂ ಆ ಅರ್ಹತೆ ಬಾರದು.

ಪಟ್ಟಿಯನ್ನು ಕೂಡಿಸುವಾಗ ಯಂತ್ರವನ್ನು ಪೂರ್ಣ ಆರಿಸಿ, ಚಾರ್ಜರ್ ತೆಗೆದು, ಸಾಧ್ಯವಾದರೆ ಬ್ಯಾಟರಿಯನ್ನೂ ಬಿಡಿಸಬೇಕು. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೆಡಿಸಬಹುದಾದ್ದರಿಂದ ಮೊದಲು ಲೋಹದ ವಸ್ತುವೊಂದನ್ನು ಮುಟ್ಟಿ, ಪಟ್ಟಿಯ ಅಂಚನ್ನಷ್ಟೇ ಹಿಡಿದು, ಓರೆಯಾಗಿ ತೂರಿಸಿ, ಕೊಂಡಿಗಳು 'ಟಕ್' ಎನ್ನುವವರೆಗೆ ಮೆಲ್ಲನೆ ಅದುಮಬೇಕು. ವಾರಂಟಿ ಉಳಿದಿದ್ದರೆ ಅದರ ನಿಬಂಧನೆಯನ್ನು ಮೊದಲೇ ಓದುವುದು ಒಳಿತು.

ಮರುದಿನ ಮಾದರಿ ಸಂಖ್ಯೆಯ ಚೀಟಿಯೊಡನೆ ಅದೇ ಅಂಗಡಿಗೆ ಹೋದೆವು. ಅವರು ಬೇಸರಿಸದೆ ಪಟ್ಟಿಯನ್ನು ಬದಲಾಯಿಸಿಕೊಟ್ಟರು. ಈ ಬಾರಿ ಮಗಳೇ ಕೂಡಿಸಿದಳು. ನಾವು ಬ್ಯಾಟರಿ ದೀಪ ಹಿಡಿದು ನಿಂತೆವು. ಯಂತ್ರ 12 ಜಿ.ಬಿ. ತೋರಿಸಿತು. ಶುಲ್ಕದ ಹಣ ಶುಲ್ಕಕ್ಕೇ ಉಳಿಯಿತು. ಓದುಗರು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಅಂಥದೊಂದು ಚೀಟಿ ಬರೆದುಕೊಂಡರೆ, ನಮ್ಮಂತೆ ಎರಡು ಸಲ ಅಲೆಯುವ ಪ್ರಸಂಗ ಬಾರದು.