ಮೊಮ್ಮಗನಿಗೆ ಅಜ್ಜನ ಹೆಸರು

ನಾನು ವಿಜಯಪುರದ ದ್ರಾಕ್ಷಿ ಬೆಳೆಗಾರರ ಮಗ. ನಮ್ಮದು ಒಣದ್ರಾಕ್ಷಿ, ಮನೆಯಲ್ಲಿ ವೈನ್ ಮಾತೇ ಎತ್ತುವಂತಿಲ್ಲ. ಓದಲು ಅಮೆರಿಕದ ಮಿನ್ನೆಸೋಟಾಕ್ಕೆ ಬಂದರೆ, ಹೆಸರು ಮುಚ್ಚಿಟ್ಟ ವೈನ್ ರುಚಿ ನೋಡಿ ದ್ರಾಕ್ಷಿಯ ತಳಿ ಹೇಳುವುದೂ ಪಾಠವಂತೆ! ನುಂಗುವಂತಿಲ್ಲ, ಬಾಯಾಡಿಸಿ ಉಗುಳಬೇಕು.

ಮೊದಲ ಸಲ ಎಡವಿದೆ. ಚೆರ್ರಿ ಹಣ್ಣಿನ ಘಮ ಬಂದದ್ದೇ ತಡ, ಫ್ರಾನ್ಸಿನ ‘ಪಿನೋ ನ್ವಾರ್’ ಎಂದು ಬರೆದುಬಿಟ್ಟೆ. ಅದು ಮಿನ್ನೆಸೋಟಾ ವಿಶ್ವವಿದ್ಯಾಲಯ 2006ರಲ್ಲಿ ಬಿಡುಗಡೆ ಮಾಡಿದ ‘ಮಾರ್ಕೆಟ್’ (ಸಂತೆಯಲ್ಲ, ತಳಿಯ ಹೆಸರೇ ಹಾಗೆ). ಪಿನೋ ಅದರ ಅಜ್ಜ. ಮೊಮ್ಮಗನನ್ನು ಅಜ್ಜನ ಹೆಸರಿಂದ ಕರೆದಿದ್ದೆ!

ಎರಡನೇ ಸಲ ಬೇಸಿಗೆ ರಜೆಯ ಕೆಲಸಕ್ಕೆ ಆಯ್ಕೆ. ಸಿಗದಿದ್ದರೆ ರೂಮಿನ ಬಾಡಿಗೆಗೂ ದುಡ್ಡಿಲ್ಲ. ಈ ಬಾರಿ ಬರೀ ಘಮ ನಂಬಲಿಲ್ಲ. ಬಣ್ಣ ಗಾಢ. ಇಂಥ ಬಣ್ಣದ ಯುರೋಪಿನ ವೈನಾದರೆ ಸಾಮಾನ್ಯವಾಗಿ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಗರಾಗುತ್ತದೆ. ಇಲ್ಲಿ ಒಗರೇ ಕಡಿಮೆ. ಹುಳಿಗೆ ದವಡೆಯಲ್ಲಿ ನೀರೂರಿತು. ಕಾಡುದ್ರಾಕ್ಷಿ ಬೆರೆತ ಚಳಿನಾಡಿನ ಮಿಶ್ರತಳಿಗಳ ಗುರುತೇ ಅದು. ಆದರೆ ಯಾವುದು? 1996ರ ‘ಫ್ರಾಂಟೆನಾಕ್’ನಲ್ಲೂ ಹುಳಿ, ಚೆರ್ರಿ ಎರಡೂ ಇವೆ. ಉಗುಳಿ ಸುಮ್ಮನೆ ಕಾದೆ. ಕೊನೆಗೆ ಗಂಟಲ ಬಳಿ ಕರಿಮೆಣಸು, ನೆಗಡಿಯಾದಾಗ ಅವ್ವ ಕಾಸುವ ಕಷಾಯದ್ದೇ. ‘ಮಾರ್ಕೆಟ್’ ಎಂದು ಬರೆದೆ. ಕೆಲಸ ಸಿಕ್ಕಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ವೈನ್ ವಿಷಯವನ್ನೂ. ತುಸು ಹೊತ್ತು ಆ ಕಡೆ ಮಾತಿಲ್ಲ. ‘ಮೈನಸ್ 30 ಡಿಗ್ರಿ ಚಳಿಗೂ ಸಾಯದ ಬಳ್ಳಿ ಅಪ್ಪಾ’ ಎಂದೆ.

‘ಅದಿರಲಿ, ನಮ್ಮ ಬಿಸಿಲಿಗೆ ತಡೀತೈತೇನು?’ ಎಂದರು.